ಕರ್ಲ್ಯೂ ಮೊಟ್ಟೆಯ ಮೇಲೆ ಗ್ರೇವಿ

“ನೆಕ್ಕಿ ನೋಡಿ,” ಎಂದು ಡೋರ್ಕಾಸ್ ಸಗ್ಡನ್ ಮೊಟ್ಟೆಯನ್ನು ನನ್ನ ಮೂಗಿನ ಕೆಳಗೆ ಹಿಡಿದರು.

“ನಾನಾ?”

“ನೀವೇ. ಪೆಪ್ಪರ್‌ಮಿಂಟ್ ತಿಂದು ತಿಂದು ನನ್ನ ನಾಲಿಗೆ ಸತ್ತುಹೋಗಿದೆ.”

ಕ್ರೇಕ್‌ಲಿ ಬಯಲಿನ ಮೂರನೆಯ ಕಂಬದ ಹತ್ತಿರ, ಹಲಗೆ ಹಾಸಿದ ಹಾದಿಯ ಮೇಲೆ, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ನಾಲ್ಕು ಜನ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ ನಾನು ಆ ಮೊಟ್ಟೆಯನ್ನು ನೆಕ್ಕಿದೆ.

ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು ನಾನು, ವಿಲ್ಫ್ರೆಡ್ ಹೋಲ್‌ರಾಯ್ಡ್. ನಿವೃತ್ತನಾದ ಮೇಲೆ ಈ ರಕ್ಷಿತ ಬಯಲಿನಲ್ಲಿ ವಾರಕ್ಕೊಮ್ಮೆ ‘ಸುಲಭ ನಡಿಗೆ’ ನಡೆಸುತ್ತೇನೆ. ಒಂದೂವರೆ ಮೈಲಿ, ಏಳು ಕಂಬ, ಐದು ಬೆಂಚು. ಮಗುವಿನ ತಳ್ಳುಗಾಡಿಯೂ ಸಲೀಸಾಗಿ ಹೋಗುತ್ತದೆ ಎಂದು ಬಾಗಿಲ ಫಲಕದಲ್ಲೇ ಬರೆದಿದೆ. ಮೊಟ್ಟೆ ನೆಕ್ಕಬೇಕಾಗುತ್ತದೆ ಎಂದು ಎಲ್ಲೂ ಬರೆದಿಲ್ಲ.

ಕಳೆದ ಮಂಗಳವಾರ ಇದೇ ಜಾಗದಲ್ಲಿ ಹತ್ತು ನಿಮಿಷ ಮಂಜು ಮುಸುಕಿದಾಗ ಕರ್ಲ್ಯೂ ಹಕ್ಕಿಯ ಗೂಡಿನಿಂದ ನಾಲ್ಕು ಮೊಟ್ಟೆ ಮಾಯವಾಗಿ, ಅವುಗಳ ಜಾಗದಲ್ಲಿ ಕಂದು ಮಚ್ಚೆ ಬಳಿದ ನಾಲ್ಕು ಬಾತುಕೋಳಿ ಮೊಟ್ಟೆ ಬಂದು ಕೂತಿದ್ದವು. ಮಧ್ಯಾಹ್ನ ಮಳೆ ಬಂದು ಮಚ್ಚೆ ತೊಳೆದುಹೋಗುವವರೆಗೆ ಅದು ಯಾರಿಗೂ ತಿಳಿಯಲಿಲ್ಲ. ನಾನು ನೆಕ್ಕಿದ್ದು ಅವುಗಳಲ್ಲೊಂದನ್ನು. ಉಳಿದ ಮೂರರ ಮೇಲೆ ಕೂತ ತಾಯಿಗಂತೂ ಮೋಸ ಇನ್ನೂ ತಿಳಿದಿಲ್ಲ. ಮೂವತ್ತು ಹೆಜ್ಜೆ ಆಚೆ, ಹೆದರ್ ಪೊದೆಗಳ ನಡುವೆ, ಕುಡುಗೋಲಿನಂಥ ಉದ್ದ ಕೊಕ್ಕನ್ನು ನಮ್ಮ ಕಡೆ ತಿರುಗಿಸಿಕೊಂಡು ಅದು ಭಕ್ತಿಯಿಂದ ಕಾವು ಕೊಡುತ್ತಿತ್ತು.

“ಏನು ರುಚಿ?” ಎಂದರು ಡೋರ್ಕಾಸ್.

ಮಳೆ ತಾಗದೆ ಉಳಿದಿದ್ದ ತಳಭಾಗದ ಒಂದು ಮಚ್ಚೆಯನ್ನು ಇನ್ನೊಮ್ಮೆ ನೆಕ್ಕಿದೆ.

“ಉಪ್ಪಿದೆ. ಈರುಳ್ಳಿ ಇದೆ. ಡೋರ್ಕಾಸ್, ಇದು ಬಣ್ಣ ಅಲ್ಲ. ಗ್ರೇವಿ.”

“ಯಾವ ಗ್ರೇವಿ?”

“ದನದ ಮಾಂಸದ್ದು. ಭಾನುವಾರ ಮಾಡ್ತಾರಲ್ಲ, ಅದು. ಒಂಚೂರು ಸಾಸಿವೆ ಜಾಸ್ತಿ.”

ಅಷ್ಟು ಹೇಳಿ ನಾನು ಬಾಯಿ ಮುಚ್ಚಿಕೊಂಡೆ. ನಾಲಿಗೆಗೆ ಇನ್ನೂ ಒಂದು ವಿಷಯ ಗೊತ್ತಾಗಿತ್ತು. ಅದನ್ನು ಹೇಳುವ ಮನಸ್ಸಾಗಲಿಲ್ಲ.

ಡೋರ್ಕಾಸ್ ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಎಪ್ಪತ್ತೊಂದು ವರ್ಷದ ಈಕೆ ಮೂವತ್ತನಾಲ್ಕು ವರ್ಷ ನಮ್ಮೂರಿನ ಅಂಚೆ ಕಚೇರಿ ನೋಡಿಕೊಂಡವರು. ಊರಿನ ಪ್ರತಿ ಲಕೋಟೆಯ ಹೊರಗೇನಿದೆ ಎಂಬುದು ಅವರಿಗೆ ಗೊತ್ತು. ಒಳಗೇನಿದೆ ಎಂಬುದೂ ಗೊತ್ತು ಎನ್ನುವವರಿದ್ದಾರೆ. ಕಳೆದ ವಾರ ಮಂಜಿನಲ್ಲಿದ್ದವರನ್ನೇ ಇವತ್ತು ಮತ್ತೆ ಕರೆಸಿ, ಅದೇ ಹಾದಿಯಲ್ಲಿ ನಡೆಸುತ್ತಿರುವವರು ಅವರೇ.

“ಟ್ಯಾಮ್ಸಿನ್, ಅಳಬೇಡ ಕಣಮ್ಮ,” ಎಂದರು ಬರೆಯುತ್ತಲೇ.

ಟ್ಯಾಮ್ಸಿನ್ ರೇನ್ ಈ ಬಯಲಿನ ಕಾವಲುಗಾರ್ತಿ. ಐದು ವಾರದಿಂದ ಗೂಡಿನ ಸುತ್ತ ಬೇಲಿ ಕಟ್ಟಿ, ದುರ್ಬೀನು ಹಿಡಿದು ಕಾದವಳು. ಒಂದು ಕಾಲಕ್ಕೆ ಇಲ್ಲಿ ಹದಿನೆಂಟು ಜೋಡಿ ಕರ್ಲ್ಯೂ ಇದ್ದವು. ಈ ವರ್ಷ ಇರುವುದು ಒಂದೇ ಜೋಡಿ. ಆ ನಾಲ್ಕು ಮೊಟ್ಟೆ ಸಿಗದಿದ್ದರೆ ಮುಂದಿನ ವಸಂತದಲ್ಲಿ ಇಲ್ಲಿ ಕುರಿಗಳ ಸದ್ದು ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

“ನಾನು ಅಳ್ತಿಲ್ಲ,” ಎಂದಳು ಟ್ಯಾಮ್ಸಿನ್. “ಹೂವಿನ ಧೂಳು ಆಗಿಬರಲ್ಲ ನಂಗೆ.”

“ಸರಿ. ಈಗ ಕೇಳಿ ಎಲ್ರೂ. ಕದ್ದವರು ಮೊಟ್ಟೆನ ಬೆಚ್ಚಗಿಟ್ಟಿರ್ತಾರೆ. ಬೆಚ್ಚಗಿಡೋಕೆ ಏನಾದ್ರೂ ಬೇಕು. ಕ್ಯಾನನ್, ನಿಮ್ಮ ಫ್ಲಾಸ್ಕ್ ಕೊಡಿ.”

ಕ್ಯಾನನ್ ಸೆಪ್ಟಿಮಸ್ ಬ್ಲೆಂಕಿನ್‌ಸಾಪ್ ನಮ್ಮ ನಿವೃತ್ತ ಪಾದ್ರಿ. ದಪ್ಪ ಹೊಟ್ಟೆಯ, ಅಗಲ ಬಾಯಿಯ ಆ ಫ್ಲಾಸ್ಕನ್ನು ಅವರು ಪ್ರತಿ ನಡಿಗೆಗೂ ತರುತ್ತಾರೆ. ಯಾರಿಗೂ ಒಂದು ತೊಟ್ಟು ಕೊಟ್ಟದ್ದನ್ನು ನಾನು ಕಂಡಿಲ್ಲ.

“ಇದ್ರಲ್ಲಿ ಟೀ ಇದೆ,” ಎಂದರು ಅವರು, ಫ್ಲಾಸ್ಕನ್ನು ಮಗುವಿನಂತೆ ಎದೆಗೊತ್ತಿಕೊಂಡು.

“ಹಾಗಾದ್ರೆ ಒಂದು ಲೋಟ ಹಾಕಿ.”

“ಆರಿಹೋಗಿದೆಯಮ್ಮ.”

“ಆರಿದ ಟೀನೇ ನಂಗಿಷ್ಟ.”

ಕ್ಯಾನನ್ ಆಕಾಶದ ಕಡೆ ನೋಡಿದರು. ಮೇಲಿನಿಂದ ಯಾವ ಸಹಾಯವೂ ಬರಲಿಲ್ಲ. ಮುಚ್ಚಳ ತಿರುಗಿಸಿ ಲೋಟಕ್ಕೆ ಸುರಿದರು. ಟೀ ಬಣ್ಣದ್ದೇ ಏನೋ ಬಂತು. ವಾಸನೆ ಮಾತ್ರ ಕ್ರಿಸ್‌ಮಸ್ ಹಬ್ಬದ್ದು.

“ಶೆರ್ರಿ ವೈನ್,” ಎಂದರು ಡೋರ್ಕಾಸ್ ಮೂಸಿ.

“ಮಂಡಿನೋವಿಗೆ,” ಎಂದರು ಕ್ಯಾನನ್. “ದಯವಿಟ್ಟು ಬಿಷಪ್ಪರಿಗೆ ಹೇಳ್ಬೇಡಿ.”

“ಬಿಷಪ್ಪರಿಗೆ ಯಾಕೆ ಹೇಳ್ಲಿ? ನಿಮ್ಮ ಹೆಂಡತಿಗೆ ಹೇಳ್ತೀನಿ.”

ಕ್ಯಾನನ್ನರ ಮುಖ ಹೆದರ್ ಹೂವಿನ ನೇರಳೆ ಬಣ್ಣಕ್ಕೆ ತಿರುಗಿತು. ಡೋರ್ಕಾಸ್ ಅವರ ಹೆಸರನ್ನು ಹೊಡೆದುಹಾಕಿದರು. ಲೋಟವನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

“ಡೆಸ್ಮಂಡ್, ಕೈಗವಸು ಬಿಚ್ಚು.”

ಡೆಸ್ಮಂಡ್ ಗಾರ್‌ಸೈಡ್ ನನ್ನ ಶಾಲೆಯ ಗೆಳೆಯ. ಹಲ್ಲಿನ ಡಾಕ್ಟರಾಗಿದ್ದವನು. ಮೇ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಕೈಗವಸು ಹಾಕಿಕೊಂಡು ಬಂದದ್ದು ನನಗೂ ವಿಚಿತ್ರವೆನಿಸಿತ್ತು.

“ಚಳಿ,” ಎಂದ.

“ಬೆವರು ಸುರೀತಿದೆ ನಿಂಗೆ.”

ಅವನು ಒಂದೊಂದೇ ಬೆರಳು ಬಿಡಿಸುತ್ತ ಕೈಗವಸು ಕಳಚಿದ. ಹತ್ತೂ ಬೆರಳ ತುದಿ ಗಾಢ ಕಂದು. ನಮ್ಮ ಜೊತೆ ನಡೆಯುವ ಲವೀನಿಯಾ ಕ್ಲೆಗ್ “ಅಯ್ಯೋ ಡೆಸ್ಮಂಡ್” ಎಂದು ಬಾಯಿಗೆ ಕೈ ಇಟ್ಟುಕೊಂಡರು. ಟ್ಯಾಮ್ಸಿನ್ ಒಂದು ಹೆಜ್ಜೆ ಮುಂದೆ ಬಂದಳು.

ಡೋರ್ಕಾಸ್ ಅವನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು.

“ಮೀಸೆಗೆ ಬಣ್ಣ ಹಚ್ಕೊಂಡಿದೀಯ,” ಎಂದರು ಕೊನೆಗೆ.

ಡೆಸ್ಮಂಡ್ ಹಲಗೆಗಳ ನಡುವಿನ ಸಂದಿಯನ್ನು ನೋಡಿದ. “ಶನಿವಾರ ನೃತ್ಯ ಇದೆಯಲ್ಲ, ಸಮುದಾಯ ಭವನದಲ್ಲಿ. ಒಬ್ಬರನ್ನು ಕರೆಯೋಣ ಅಂತಿದ್ದೆ.”

“ಯಾರನ್ನ?”

ಅವನು ಡೋರ್ಕಾಸರನ್ನೇ ನೋಡಿದ. ಕಳ್ಳರನ್ನು ಮೈಲಿ ದೂರದಿಂದ ಗುರುತಿಸುವ ಆ ಹೆಂಗಸು ನೋಟುಬುಕ್ಕಿನ ಪುಟ ಮಗುಚಿ, “ಯಾರೋ ಪುಣ್ಯವಂತೆ. ಮುಂದೆ ನಡೀರಿ,” ಎಂದರು.

ನಾಲ್ಕನೆಯ ಕಂಬದ ಕಡೆ ಹೊರಟೆವು. ಲವೀನಿಯಾ ತಮ್ಮ ತಳ್ಳುಗಾಡಿಯೊಂದಿಗೆ ಮುಂದಿದ್ದರು. ಗಾಡಿಯಲ್ಲಿ ಮಗುವಿಲ್ಲ. ಡಚೆಸ್ ಎಂಬ ಮುದಿ ಪಗ್ ನಾಯಿ ಇದೆ. ಹಕ್ಕಿಗಳು ಕಾವು ಕೂರುವ ಕಾಲದಲ್ಲಿ ನಾಯಿಯನ್ನು ನೆಲಕ್ಕೆ ಬಿಡುವಂತಿಲ್ಲ ಎಂಬ ನಿಯಮವಿರುವುದರಿಂದ ಅದು ಮಹಾರಾಣಿಯಂತೆ ಶಾಲು ಹೊದ್ದು ಸವಾರಿ ಬರುತ್ತದೆ.

ನಾನು ಆ ಚಕ್ರಗಳನ್ನೇ ನೋಡುತ್ತ ನಡೆದೆ. ಪ್ರತಿ ಹಲಗೆಯ ಅಂಚು ಬಂದಾಗಲೂ ಲವೀನಿಯಾ ಗಾಡಿಯ ಹಿಡಿಯನ್ನು ಒತ್ತಿ, ಮುಂದಿನ ಚಕ್ರವನ್ನು ಮೆಲ್ಲಗೆ ಎತ್ತಿ, ಮೆಲ್ಲಗೆ ಇಳಿಸುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ನಾನು ಹಾಗೆ ಗಾಡಿ ಓಡಿಸಿದ್ದು ಒಂದೇ ಸಲ, ಹಿಂದಿನ ಸೀಟಿನಲ್ಲಿ ಒಬ್ಬಾಕೆಗೆ ಹೆರಿಗೆ ನೋವು ಶುರುವಾದಾಗ.

ಡೋರ್ಕಾಸ್ ನನ್ನ ಪಕ್ಕಕ್ಕೆ ಬಂದರು. ದನಿ ತಗ್ಗಿಸಿದರು.

“ಆ ಗ್ರೇವಿ ಯಾರ ಮನೇದು, ವಿಲ್ಫ್ರೆಡ್?”

“ಊರಲ್ಲಿ ಎಲ್ಲರ ಮನೇಲೂ ಮಾಡ್ತಾರೆ.”

“ಸಾಸಿವೆ ಜಾಸ್ತಿ ಅಂದ ತಕ್ಷಣ ನಿಮ್ಮ ಬಾಯಿಗೆ ಬೀಗ ಬಿತ್ತು. ಬಸ್ಸಿನ ಬಾಗಿಲೂ ಅಷ್ಟು ಬೇಗ ಮುಚ್ಚಲ್ಲ.”

ನನ್ನ ಹೆಂಡತಿ ಮ್ಯೂರಿಯಲ್ ತೀರಿಕೊಂಡು ಎರಡು ವರ್ಷವಾಯಿತು. ಆ ಎರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪದೆ, ಮಧ್ಯಾಹ್ನ ಒಂದೂಕಾಲಕ್ಕೆ, ನನ್ನ ಬಾಗಿಲಲ್ಲಿ ಒಂದು ತಟ್ಟೆ ಬಂದು ಕೂರುತ್ತದೆ. ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿರುತ್ತದೆ. ಮಾಂಸ, ಆಲೂಗಡ್ಡೆ, ಬಟ್ಟಲಿನಂತೆ ಉಬ್ಬಿದ ಹಿಟ್ಟಿನ ಪುಡಿಂಗ್, ಅದರ ತುಂಬ ಗ್ರೇವಿ. ಯಾರು ಇಟ್ಟು ಹೋಗುತ್ತಾರೆ ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಆದರೆ ತಳ್ಳುಗಾಡಿಯ ಚಕ್ರದ ಕಿರ್ರೆನ್ನುವ ಸದ್ದು ನನಗೆ ಪರಿಚಯ. ಉಂಡ ಮನೆಗೆ ಎರಡು ಬಗೆಯುವುದು ಹೇಗೆ?

“ನಿಮ್ಮ ಬಾಯಿಂದ ಬರೋದು ಬೇಡ,” ಎಂದರು ಡೋರ್ಕಾಸ್, ನನ್ನ ಮುಖ ನೋಡಿ. ದನಿ ಮೆತ್ತಗಾಗಿತ್ತು. “ನಾಯಿ ಕೈಲೇ ಹೇಳಿಸ್ತೀನಿ.”

ಐದನೆಯ ಕಂಬದ ಬೆಂಚಿನಲ್ಲಿ ಕ್ಯಾನನ್ ಮತ್ತು ಡೆಸ್ಮಂಡ್ ಕೂತರು. ಡೋರ್ಕಾಸ್ ಚೀಲದಿಂದ ಶುಂಠಿ ಕೇಕಿನ ಒಂದು ತುಂಡು ತೆಗೆದು, ಗಾಡಿಯಿಂದ ಮೂರು ಅಡಿ ಆಚೆ ಹಿಡಿದರು.

“ಬಾ ಡಚೆಸ್. ತಗೋ.”

ಶುಂಠಿ ಕೇಕಿಗಾಗಿ ಒಮ್ಮೆ ಶವಯಾತ್ರೆಯ ನಡುವೆಯೇ ನುಗ್ಗಿದ ನಾಯಿ ಅದು. ಕ್ಯಾನನ್ನರೇ ಸಾಕ್ಷಿ. ಇವತ್ತು ಕತ್ತು ಚಾಚಿತು. ಜೊಲ್ಲು ಶಾಲಿನ ಮೇಲೆ ಸುರಿಯಿತು. ಕಣ್ಣಲ್ಲಿ ನೀರು ಬರುವಂತಾಯಿತು. ಏಳಲಿಲ್ಲ.

“ಹುಷಾರಿಲ್ಲ ಪಾಪ,” ಎಂದರು ಲವೀನಿಯಾ ಬೇಗನೆ.

“ಹುಷಾರಾಗೇ ಇದೆ. ಕರ್ತವ್ಯದ ಮೇಲಿದೆ,” ಎಂದರು ಡೋರ್ಕಾಸ್. “ಲವೀನಿಯಾ, ನಿನ್ನ ನಾಯಿ ಕಾವು ಕೂತಿದೆ.”

ಗಾಳಿ ಹತ್ತಿಹುಲ್ಲಿನ ಬಿಳಿ ಕುಚ್ಚುಗಳನ್ನು ಒಂದು ಕಡೆಗೆ ಬಾಗಿಸಿ ಬಿಟ್ಟಿತು.

“ಶಾಲು ತೆಗಿ.”

“ತೆಗೆಯಲ್ಲ.”

“ಪೊಲೀಸ್‌ನ ಕರೆಸ್ಬೇಕಾ?”

“ಕರೆಸು. ಅಷ್ಟರಲ್ಲಿ ತಣ್ಣಗಾದ್ರೆ ನಾಲ್ಕು ಜೀವದ ಪಾಪ ನಿನ್ನ ತಲೆ ಮೇಲೆ.”

ಹೇಳಿದ ಮೇಲೆ ಲವೀನಿಯಾರಿಗೆ ತಾವು ಏನು ಹೇಳಿದೆವೆಂದು ಅರ್ಥವಾಯಿತು. ಅವರು ಗಾಡಿಯ ಹಿಡಿ ಬಿಟ್ಟು ಬೆಂಚಿನಲ್ಲಿ ಕುಸಿದರು. ಎಂಟು ಮೊಮ್ಮಕ್ಕಳ ಅಜ್ಜಿ, ಚರ್ಚಿನ ಹೂವು ಜೋಡಿಸುವಾಕೆ.

“ಮಾರೋಕಲ್ಲ, ಡೋರ್ಕಾಸ್. ನನ್ನಾಣೆ.”

“ಮತ್ತೆ?”

“ಹೋದ ವರ್ಷ ಮೂರು ಗೂಡು ನರಿ ಪಾಲಾಯ್ತು. ಇದೇ ಹಾದೀಲಿ ನಿಂತು ನೋಡಿದೀನಿ, ಬರೀ ಚಿಪ್ಪು. ಈ ಸಲ ಒಂದೇ ಗೂಡು. ಆ ಬೇಲಿಗೆ ಕರೆಂಟ್ ಕೊಡೋ ಬ್ಯಾಟರಿ ಸತ್ತು ಹತ್ತು ದಿನ ಆಗಿತ್ತು. ಬರೀ ಕೈಲಿ ಮುಟ್ಟಿ ನೋಡಿದೆ. ಏನೂ ಆಗ್ಲಿಲ್ಲ.” ಅವರು ಟ್ಯಾಮ್ಸಿನ್ ಕಡೆ ನೋಡಲಿಲ್ಲ. “ಮರಿ ಮಾಡಿಸಿ ವಾಪಸ್ ಬಿಡೋಣ ಅಂತ ಎತ್ಕೊಂಡೆ. ತಾಯಿ ಗೂಡು ಬಿಟ್ಟು ಹೋಗ್ಬಾರ್ದು ಅಂತ ಬಾತುಕೋಳಿ ಮೊಟ್ಟೆ ಇಟ್ಟೆ.”

“ಗ್ರೇವಿ ಬಳಿದು.”

“ಮನೇಲಿ ಕಂದು ಬಣ್ಣ ಅಂತ ಇದ್ದಿದ್ದು ಅದೊಂದೇ.”

“ಇವತ್ತು ಯಾಕೆ ತಂದೆ? ಮನೇಲಿ ಬಿಡೋದಲ್ವಾ?”

“ಮನೇಲಿ ಬಿಟ್ರೆ ನಮ್ಮವರು ಹೀಟರ್ ಆರಿಸ್ತಾರೆ. ಮೇ ತಿಂಗಳಲ್ಲಿ ಹೀಟರ್ ಯಾಕೆ ಅಂತ ಒಂದು ವಾರದಿಂದ ರಂಪ. ಅದೂ ಅಲ್ದೆ,” ಲವೀನಿಯಾ ಕಣ್ಣೊರೆಸಿಕೊಂಡರು, “ನಿನ್ನೆಯಿಂದ ಒಳಗೆ ಕುಟ್ತಿವೆ. ಇವತ್ತು ಒಡೆಯುತ್ತೆ. ಒಡೆದ ತಕ್ಷಣ ಮೆಲ್ಲಗೆ ತಾಯಿ ಹತ್ರ ಬಿಟ್ಟುಬಿಡೋಣ ಅಂತ ಬಂದೆ.”

ಡೆಸ್ಮಂಡ್ ಎದ್ದು, ಹಲ್ಲಿನ ಡಾಕ್ಟರ ಮೃದುವಾದ ಕೈಯಿಂದ ಶಾಲು ಸರಿಸಿದ. ಡಚೆಸ್ ಗುರ್ರೆಂದಿತು. ಅದರ ಹೊಟ್ಟೆಯ ಕೆಳಗೆ ಬಿಸಿನೀರಿನ ರಬ್ಬರ್ ಚೀಲ, ಅದರ ಮೇಲೆ ಉಣ್ಣೆಯ ಕಾಲುಚೀಲ, ಕಾಲುಚೀಲದೊಳಗೆ ಮಚ್ಚೆ ಮಚ್ಚೆಯ ನಾಲ್ಕು ಹಸಿರು ಮೊಟ್ಟೆ. ಒಂದರ ಮೇಲೆ ನಕ್ಷತ್ರದಂತೆ ಬಿರುಕು. ಬಿರುಕಿನೊಳಗೆ ಏನೋ ಅಲುಗಿತು.

ಸಿಟ್ಟು, ಸಂಶಯ, ಶೆರ್ರಿ ಎಲ್ಲವನ್ನೂ ಮರೆತು ಆರು ಜನ ತಲೆಗೆ ತಲೆ ತಾಗಿಸಿ ಬಗ್ಗಿದೆವು. ಕ್ಯಾನನ್ ಏನೋ ಪ್ರಾರ್ಥನೆ ಗೊಣಗಿದರು. ಮ್ಯೂರಿಯಲ್ ಇದ್ದಿದ್ದರೆ ಎಂದುಕೊಂಡೆ. ವಸಂತದ ಮೊದಲ ಕರ್ಲ್ಯೂ ಕೂಗು ಕೇಳಿಸಿದ ದಿನ ಅಡುಗೆಮನೆ ಕಿಟಕಿ ತೆಗೆದಿಟ್ಟು ಕೂರುವವಳು ಅವಳು.

ಚಿಪ್ಪಿನ ತುಂಡೊಂದು ಕಳಚಿತು. ಇನ್ನೊಂದು ಕಳಚಿತು. ಒದ್ದೆಯಾದ ಒಂದು ತಲೆ ಹೊರಗೆ ಬಂತು. ಅದಕ್ಕೊಂದು ಕೊಕ್ಕು.

ಕೊಕ್ಕು ಚಪ್ಪಟೆಯಾಗಿತ್ತು.

ಮರಿ ಬಾಯಿ ತೆರೆದು, ತಪ್ಪಿಗೆ ಎಡೆಯೇ ಇಲ್ಲದಂತೆ, “ಕ್ವೀಕ್” ಎಂದಿತು.

“ಬಾತುಕೋಳಿ,” ಎಂದ ಡೆಸ್ಮಂಡ್.

“ಸಾಧ್ಯವೇ ಇಲ್ಲ,” ಎಂದರು ಲವೀನಿಯಾ. ಅವರ ಬಣ್ಣವೇ ಇಳಿದುಹೋಗಿತ್ತು. “ಬಾತುಕೋಳಿ ಮೊಟ್ಟೆ ಇಟ್ಟು ಬಂದೆ ನಾನು. ಎತ್ಕೊಂಡಿದ್ದು ಕರ್ಲ್ಯೂದು. ನಲವತ್ತು ವರ್ಷದಿಂದ ಹಕ್ಕಿ ನೋಡ್ತಿದೀನಿ.”

“ನಲವತ್ತು ವರ್ಷ ನೋಡಿ ಬಾತುಕೋಳಿ ಕದ್ದಿದೀರಿ,” ಎಂದರು ಕ್ಯಾನನ್. ಫ್ಲಾಸ್ಕಿನ ಅವಮಾನ ಅವರಿಗಿನ್ನೂ ಮಾಸಿರಲಿಲ್ಲ.

“ಗುರುತು ನೋಡೇ ಎತ್ತಿದೀನ್ರೀ. ಗೂಡಿನ ಮೊಟ್ಟೆ ಲೆಕ್ಕಕ್ಕೆ ಹಾಕೋ ಪೆನ್ಸಿಲ್ ನಂಬರ್ ಇದೆ, ನೋಡ್ಕೊಳ್ಳಿ.”

ಡೋರ್ಕಾಸ್ ಚಿಪ್ಪಿನ ದೊಡ್ಡ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಸಣ್ಣದಾಗಿ ಏಳು ಎಂಬ ಅಂಕಿ, ನಡುವೆ ಒಂದು ಅಡ್ಡಗೆರೆ. ಮಚ್ಚೆಗಳನ್ನು ಉಗುರಿನಿಂದ ಕೆರೆದರು. ಬಣ್ಣ ಜಗ್ಗಲಿಲ್ಲ. ಗ್ರೇವಿಯಲ್ಲ, ಪಳಗಿದ ಕೈಯ ಕೆಲಸ.

“ಗೂಡಿನಲ್ಲಿ ನಾಲ್ಕೇ ಮೊಟ್ಟೆ. ಏಳು ಅಂತ ಯಾಕಿದೆ?” ಎಂದೆ.

“ಒಂದರಿಂದಲೇ ಶುರು ಮಾಡ್ಬೇಕು ಅಂತ ನಿಯಮ ಇಲ್ಲ, ವಿಲ್ಫ್ರೆಡ್. ಯಾವುದು ನಿಜವಾದ್ದು, ಯಾವುದು ಸುಳ್ಳು ಅಂತ ಬರೆದವರಿಗೆ ಗೊತ್ತಾಗ್ಬೇಕಲ್ಲ.” ಡೋರ್ಕಾಸ್ ಚಿಪ್ಪನ್ನು ಕರವಸ್ತ್ರದಲ್ಲಿ ಮಡಚಿದರು. “ಮೂವತ್ತನಾಲ್ಕು ವರ್ಷ ವಿಳಾಸ ಓದಿದೀನಿ. ಏಳಕ್ಕೆ ಹೀಗೆ ಅಡ್ಡಗೆರೆ ಎಳೆಯೋರು ಊರಲ್ಲಿ ಒಬ್ಬರೇ.”

“ಹುಡುಕೋದು ಬೇಡ,” ಎಂದಳು ಟ್ಯಾಮ್ಸಿನ್. “ನಂದೇ.”

ಅವಳು ಬೆಂಚಿನ ತುದಿಯಲ್ಲಿ ನಿಂತಿದ್ದಳು. ಅಳುವಿನ ಗುರುತೂ ಇರಲಿಲ್ಲ. ಹೂವಿನ ಧೂಳಿನದೂ ಇರಲಿಲ್ಲ.

“ಏಪ್ರಿಲ್‌ನಲ್ಲಿ ಗೂಡಿನ ಹತ್ರ ಪೊದೆಗೆ ಯಾರೋ ಕೆಂಪು ದಾರ ಕಟ್ಟಿದ್ರು. ಬೂಟಿನ ಗುರುತೂ ಇತ್ತು. ದೊಡ್ಡ ಬೂಟು. ಮೊಟ್ಟೆ ಕಳ್ಳರು ಜಾಗ ಗುರುತಿಟ್ಟುಕೊಳ್ಳೋದು ಹಾಗೇನೇ. ನಾಲ್ಕೂ ಮೊಟ್ಟೆನ ಅವತ್ತೇ ಬೇರೆ ಕಡೆ ಸಾಗಿಸಿದೆ. ಬಣ್ಣ ಹಾಕಿ ಇವನ್ನ ಇಟ್ಟೆ. ಬ್ಯಾಟರಿನೂ ನಾನೇ ತೆಗೆದೆ. ಕಳ್ಳ ಬರ್ಲಿ, ಸಿಕ್ಕಿಬೀಳ್ಲಿ ಅಂತ.”

“ಬಂದದ್ದು ನಾನು,” ಎಂದರು ಲವೀನಿಯಾ ಕ್ಷೀಣವಾಗಿ.

“ಬಂದದ್ದು ನೀವು. ನಂಗೆ ಯಾವ ಪರವಾನಗಿಯೂ ಇರ್ಲಿಲ್ಲ. ಬಾಯಿ ಬಿಟ್ರೆ ಕೆಲಸ ಹೋಗ್ತಿತ್ತು. ಡೋರ್ಕಾಸ್ ಹುಡುಕ್ತೀನಿ ಅಂದ್ರು, ಹುಡುಕ್ಲಿ ಅಂತ ಸುಮ್ನಿದ್ದೆ.”

“ಹಾಗಾದ್ರೆ ಕರ್ಲ್ಯೂ ಮೊಟ್ಟೆ ಭದ್ರವಾಗಿವೆ,” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

“ಕಾವು ಪೆಟ್ಟಿಗೇಲಿ ಭದ್ರವಾಗಿವೆ. ಇವತ್ತೋ ನಾಳೆಯೋ ಒಡೆಯುತ್ತೆ. ಒಡೆದ ದಿನವೇ ತಾಯಿ ಹತ್ರ ಬಿಡ್ಬೇಕು. ತಡವಾದ್ರೆ ಅದು ಸೇರಿಸಲ್ಲ, ಹಾರಿಹೋಗುತ್ತೆ.”

“ಯಾರ ಮನೇಲಿವೆ?” ಎಂದರು ಡೋರ್ಕಾಸ್, ಪೆನ್ಸಿಲನ್ನು ಹಾಳೆಗೆ ತಾಗಿಸಿಕೊಂಡು.

ಟ್ಯಾಮ್ಸಿನ್ ದುರ್ಬೀನಿನ ಪಟ್ಟಿ ಸರಿಪಡಿಸಿಕೊಂಡಳು.

“ನಿಮ್ಮ ಮನೇಲಿ.”

ಪೆನ್ಸಿಲಿನ ಮೊನೆ ಮುರಿಯಿತು.

“ನಿಮ್ಮ ತಂಗಿ ಫೀಬಿ ಹತ್ರ. ಹಿತ್ತಲ ಶೆಡ್ಡಿನಲ್ಲಿ ಬಾತುಕೋಳಿ ಮರಿ ಮಾಡಿಸೋ ಪೆಟ್ಟಿಗೆ ಇದೆಯಲ್ಲ, ಅದ್ರಲ್ಲಿ. ಬಾತುಕೋಳಿ ಮೊಟ್ಟೆ ಕೊಟ್ಟಿದ್ದೂ ಅವರೇ. ಅಕ್ಕನಿಗೆ ಮಾತ್ರ ಹೇಳ್ಬೇಡ, ಅವಳಿಗೆ ಗೊತ್ತಾದ್ರೆ ಊರಿಗೇ ಟಪಾಲು ಹಾಕಿದ ಹಾಗೆ ಅಂದ್ರು.”

ಡೋರ್ಕಾಸ್ ಸಗ್ಡನ್ ನಡಿಗೆಯಲ್ಲಿ ಕೂತದ್ದನ್ನು ನಾನು ಯಾವತ್ತೂ ಕಂಡವನಲ್ಲ. ಈಗ ಕೂತರು. ಕ್ಯಾನನ್ ಅವರಲ್ಲೇ ಉಳಿದಿದ್ದ ಲೋಟವನ್ನು ತುಂಬಿಸಿ ಕೊಟ್ಟರು. ಅದನ್ನು ಒಂದೇ ಗುಟುಕಿಗೆ ಕುಡಿದರು.

“ಫೀಬಿ ಇವತ್ತು ಬೆಳಗಿನ ರೈಲಿಗೆ ಹೋದ್ಲು,” ಎಂದರು. “ನಾನೇ ನಿಲ್ದಾಣಕ್ಕೆ ಬಿಟ್ಟು ಇಲ್ಲಿಗೆ ಬಂದೆ. ವಿಟ್ಬಿಯಲ್ಲಿ ಗೆಳತಿ ಮನೇಲಿ ನಾಲ್ಕು ದಿನ ಇದ್ದು ಬರ್ತೀನಿ ಅಂದ್ಲು. ಕೈಯಲ್ಲಿ ದುಂಡನೆ ಟೋಪಿ ಪೆಟ್ಟಿಗೆ. ಕೊಡು, ನಾನು ಹಿಡ್ಕೋತೀನಿ ಅಂದ್ರೆ ಕೊಡ್ಲಿಲ್ಲ. ಉಣ್ಣೆ ಶಾಲು ಸುತ್ತಿ ಮಡಿಲಲ್ಲೇ ಇಟ್ಕೊಂಡಿದ್ಲು.”

“ಟೋಪಿ ತಾನೇ,” ಎಂದ ಡೆಸ್ಮಂಡ್, ಸಮಾಧಾನ ಮಾಡುವ ದನಿಯಲ್ಲಿ. “ಅಲ್ಲಿ ಯಾರದೋ ಮದುವೆಗಿದುವೆ ಇರಬಹುದು.”

“ಡೆಸ್ಮಂಡ್, ನನ್ನ ತಂಗಿ ಅರವತ್ತಾರು ವರ್ಷದಲ್ಲಿ ಒಂದು ಸಲವೂ ಟೋಪಿ ಹಾಕಿದವಳಲ್ಲ.”

ಅವರು ಎದ್ದು, ರಸ್ತೆಯಿರುವ ದಿಕ್ಕಿಗೆ ತಿರುಗಿದರು.

“ಯಾರಿಗೂ ಹಾಕಿದವಳಲ್ಲ ಅಂದ್ಕೊಂಡಿದ್ದೆ.”